ಜಾನ್ ಹ್ಯಾನ್‌ಕಾಕ್: ಮುಟ್ಟುಗೋಲಾದ ಹಡಗಿನ ಒಡೆಯ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಎತ್ತಿನ ಮೇಲೆ ಹೇರು ಹೊರಿಸಿಕೊಂಡು ಊರೂರು ತಿರುಗಿದ ವರ್ತಕರ ಅನುಭವದಿಂದ ಹುಟ್ಟಿದ ಮಾತಿದು. ಸುಂಕ ಸಲ್ಲಿಸುವುದಕ್ಕೆ ವರ್ತಕನು ಎಂದೆಂದಿಗೂ ಒಪ್ಪಲಾರನೆಂಬುದು ಇದರ ಅರ್ಥವಲ್ಲ. ರಾಜ್ಯವೆಂಬುದು ಇರುವವರೆಗೂ ಸುಂಕವಿರತಕ್ಕದ್ದೇ. ಅದನ್ನು ವಸೂಲು ಮಾಡುವ ಅಧಿಕಾರಿಯೂ ಇರತಕ್ಕವನೇ. ಆದರೆ ಕಟ್ಟೆಯ ಮೇಲೆ ಕುಳಿತವನೇ ಅಪರಾಧ ಹೊರಿಸುವವನೂ, ಅದಕ್ಕೆ ಸಾಕ್ಷಿಯೂ, ಕೊನೆಗೆ ಮುಟ್ಟುಗೋಲಾದ ಸರಕಿನಲ್ಲಿ ಪಾಲುಗಾರನೂ ಆದರೆ, ಹೇರಿನ ಒಡೆಯನು ತನ್ನ ಅಹವಾಲನ್ನು ಯಾರ ಮುಂದೆ ಹೇಳಿಕೊಳ್ಳಬೇಕು? ಆಂಗ್ಲ ಸಾಮ್ರಾಜ್ಯವು ಹದಿನೆಂಟನೆಯ ಶತಮಾನದಲ್ಲಿ ಅಮೇರಿಕದ ಹದಿಮೂರು ವಸಾಹತುಗಳನ್ನು ಕಳೆದುಕೊಂಡದ್ದಕ್ಕೆ ಕಾರಣಗಳು ಹಲವು. ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡಲಾರದೆ ಹೋದದ್ದೂ ಅವುಗಳಲ್ಲಿ ಒಂದು.

ಜಾನ್ ಹ್ಯಾನ್‌ಕಾಕನ ಹೆಸರು ಅಮೇರಿಕದ ಆಡುಮಾತಿನಲ್ಲಿ ರುಜುವಿಗೆ ಪರ್ಯಾಯಪದವಾಗಿ ನಿಂತಿದೆ. ಕಾಗದಕ್ಕೆ ರುಜು ಹಾಕೆನ್ನುವ ಬದಲು ನಿನ್ನ ಜಾನ್ ಹ್ಯಾನ್‌ಕಾಕನ್ನು ಹಾಕೆಂದು ಅಲ್ಲಿಯ ಜನರು ಹೇಳುವುದುಂಟು. ೧೭೭೬ನೆಯ ಇಸವಿಯ ಸ್ವಾತಂತ್ರ್ಯ ಘೋಷಣೆಯ ಅಡಿಯಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ದಪ್ಪ ಅಕ್ಷರಗಳಲ್ಲಿ ಮೂಡಿರುವ ರುಜು ಅವನದು. ಆ ರುಜುವನ್ನು ಬಲ್ಲವರು ಬಹುಮಂದಿ. ಆ ಕೈಯನ್ನು ಆ ಕಾಗದದವರೆಗೆ ಕರೆದೊಯ್ದ ಒಂದು ಚಿಕ್ಕ ಹಡಗಿನ ವೃತ್ತಾಂತವನ್ನು ಬಲ್ಲವರು ಅಷ್ಟಿಲ್ಲ. ಅದನ್ನು ನಮ್ಮ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪಾದ್ರಿಯ ಮಗ, ವರ್ತಕನ ದತ್ತುಕುಮಾರ

ಹ್ಯಾನ್‌ಕಾಕನು ೧೭೩೭ನೆಯ ಇಸವಿ ಜನವರಿ ೨೩ರಂದು ಮ್ಯಾಸಚೂಸೆಟ್ಸ್ ವಸಾಹತಿನ ಬ್ರೇನ್‌ಟ್ರೀ ಎಂಬ ಗ್ರಾಮದಲ್ಲಿ ಜನಿಸಿದನು. ತಂದೆಯು ಆ ಗ್ರಾಮದ ಪಾದ್ರಿ. ಮುಂದೆ ಅಮೇರಿಕದ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸನೂ ಅದೇ ಗ್ರಾಮದವನು. ಇಬ್ಬರೂ ಬಾಲ್ಯದಿಂದ ಪರಿಚಿತರು. ೧೭೪೪ರಲ್ಲಿ ತಂದೆಯು ತೀರಿಕೊಂಡನು. ಏಳು ವರ್ಷದ ಬಾಲಕನನ್ನು ಬೋಸ್ಟನ್ ನಗರದಲ್ಲಿದ್ದ ಅವನ ಚಿಕ್ಕಪ್ಪನಾದ ಥಾಮಸ್ ಹ್ಯಾನ್‌ಕಾಕನು ಮನೆಗೆ ಕರೆದುಕೊಂಡು ಹೋದನು. ಥಾಮಸನಿಗೆ ಮಕ್ಕಳಿರಲಿಲ್ಲ. ಅವನೂ, ಅವನ ಪತ್ನಿಯಾದ ಲಿಡಿಯಾ ಎಂಬ ಸಾಧ್ವಿಯೂ ಹುಡುಗನನ್ನು ಹೊಟ್ಟೆಯ ಮಗನಂತೆಯೇ ಸಾಕಿದರು.

ಥಾಮಸನು ಪುಸ್ತಕದ ಅಂಗಡಿಯಿಂದ ಆರಂಭಿಸಿ ಸ್ವಂತ ಬುದ್ಧಿಬಲದಿಂದ ಮೇಲೆ ಬಂದವನು. ತಿಮಿಂಗಿಲದ ಎಣ್ಣೆಯನ್ನು ಇಂಗ್ಲೆಂಡಿಗೆ ಕಳುಹಿಸಿ, ಅಲ್ಲಿಂದ ಬಟ್ಟೆ, ಕಾಗದ, ಲೋಹದ ಸಾಮಾನುಗಳನ್ನು ತರಿಸುವುದು ಅವನ ಮುಖ್ಯ ವ್ಯಾಪಾರ. ಫ್ರೆಂಚರೊಡನೆ ನಡೆದ ಯುದ್ಧಗಳಲ್ಲಿ ರಾಜನ ಸೈನ್ಯಕ್ಕೆ ಸಾಮಗ್ರಿ ಒದಗಿಸುವ ಗುತ್ತಿಗೆಯಿಂದ ಅವನ ಐಶ್ವರ್ಯವು ಇಮ್ಮಡಿಸಿತು. ನಗರದ ಬೀಕನ್ ಗುಡ್ಡದ ಮೇಲೆ ಕಲ್ಲಿನ ದೊಡ್ಡ ಮಹಲನ್ನು ಕಟ್ಟಿಸಿದನು. ಸಾಮ್ರಾಜ್ಯದ ಅನ್ನವನ್ನುಂಡು ಬೆಳೆದ ಮನೆತನವೆಂದರೆ ಅದೇ. ಅಂತಹ ಮನೆಯಿಂದ ರಾಜದ್ರೋಹಿಯೊಬ್ಬನು ಹೊರಡುವನೆಂದು ಆ ಕಾಲದಲ್ಲಿ ಯಾರು ತಾನೆ ಊಹಿಸಿಯಾರು?

ಬಾಲಕನು ಬೋಸ್ಟನ್ನಿನ ಲ್ಯಾಟಿನ್ ಶಾಲೆಯಲ್ಲಿಯೂ ಹಾರ್ವರ್ಡ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, ೧೭೫೪ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿಯೇ ಪದವೀಧರನಾದನು. ಬಳಿಕ ಚಿಕ್ಕಪ್ಪನ ಕಚೇರಿಯಲ್ಲಿ ಲೆಕ್ಕಪತ್ರಗಳನ್ನು ಕಲಿತನು. ೧೭೬೦ರಲ್ಲಿ ವ್ಯಾಪಾರದ ಸಂಬಂಧವಾಗಿ ಇಂಗ್ಲೆಂಡಿಗೆ ಹೋಗಿ ಒಂದು ವರ್ಷ ನಿಂತು, ಲಂಡನ್ನಿನ ವರ್ತಕರ ಪರಿಚಯವನ್ನೂ, ಬೆಲೆಬಾಳುವ ಉಡುಪಿನ ಅಭಿರುಚಿಯನ್ನೂ ಸಂಪಾದಿಸಿಕೊಂಡು ಬಂದನು. ೧೭೬೩ರಲ್ಲಿ ಪಾಲುದಾರನಾದನು. ೧೭೬೪ರ ಆಗಸ್ಟಿನಲ್ಲಿ ಚಿಕ್ಕಪ್ಪನು ಕಾಲವಾಗಲು, ಇಪ್ಪತ್ತೇಳು ವರ್ಷದ ತರುಣನಿಗೆ ಹಡಗುಗಳು, ಬಂದರುಕಟ್ಟೆ, ಉಗ್ರಾಣಗಳು, ಸಾವಿರಾರು ಎಕರೆ ಭೂಮಿ ಎಲ್ಲವೂ ಒಮ್ಮೆಗೇ ಕೈವಶವಾದವು. ವಸಾಹತುಗಳ ಅತಿ ಶ್ರೀಮಂತರಲ್ಲಿ ಅವನೊಬ್ಬನೆಂದು ಗಣನೆಯಾಯಿತು.

ಸುಂಕದ ಕಾನೂನಿನ ಸ್ವರೂಪ

ಚಿಕ್ಕಪ್ಪನು ತೀರಿಕೊಂಡ ವರ್ಷದಲ್ಲಿಯೇ ಇಂಗ್ಲೆಂಡಿನ ಪಾರ್ಲಿಮೆಂಟು ಸಕ್ಕರೆಯ ಕಾನೂನೆಂದು ಹೆಸರಾದ ಹೊಸ ಸುಂಕದ ಶಾಸನವನ್ನು ಮಾಡಿತು. ಫ್ರೆಂಚರ ಮೇಲಿನ ಯುದ್ಧದಲ್ಲಿ ಸರಕಾರಕ್ಕೆ ಬಹಳ ಸಾಲವಾಗಿತ್ತು. ಅದರ ಭಾರದಲ್ಲಿ ಒಂದಂಶವನ್ನು ವಸಾಹತುಗಳೂ ಹೊರಬೇಕೆಂಬುದು ಮಂತ್ರಿಗಳ ವಾದ. ಈ ವಾದದಲ್ಲಿ ನ್ಯಾಯವೇನೂ ಇಲ್ಲವೆಂದು ಹೇಳುವಂತಿಲ್ಲ. ಪೋರ್ಚುಗೀಸರ ಮಡೀರಾ ದ್ವೀಪದಿಂದ ನೇರವಾಗಿ ಬರುವ ದ್ರಾಕ್ಷಾಮದ್ಯದ ಮೇಲೆ ಎರಡು ದೊಡ್ಡ ಪೀಪಾಯಿಗಳಿಗೆ ಏಳು ಪೌಂಡಿನಂತೆ ಸುಂಕ ಬಿದ್ದಿತು. ಅದಕ್ಕೆ ಮುಂಚೆ ಅಂತಹ ಸುಂಕವೇ ಇರಲಿಲ್ಲ.

ಆದರೆ ಜನರನ್ನು ಕೆರಳಿಸಿದ್ದು ಸುಂಕದ ದರಕ್ಕಿಂತ ಹೆಚ್ಚಾಗಿ ಅದನ್ನು ವಸೂಲು ಮಾಡುವ ರೀತಿ. ಸರಕು ಮುಟ್ಟುಗೋಲಾಗಿ ಹರಾಜಾದರೆ ಬಂದ ಹಣವನ್ನು ಮೂರು ಪಾಲು ಮಾಡುತ್ತಿದ್ದರು. ಒಂದು ಪಾಲು ರಾಜನಿಗೆ, ಒಂದು ಪಾಲು ವಸಾಹತಿನ ಗವರ್ನರನಿಗೆ, ಮೂರನೆಯದು ಹಿಡಿದುಕೊಟ್ಟ ಅಧಿಕಾರಿಗೆ. ಮೊಕದ್ದಮೆಯು ನೌಕಾ ನ್ಯಾಯಾಲಯದಲ್ಲಿ ನಡೆಯಬಹುದಾಗಿತ್ತು. ಅಲ್ಲಿ ಊರಿನ ಹನ್ನೆರಡು ಮಂದಿ ಗೃಹಸ್ಥರ ಜೂರಿಯಿಲ್ಲ. ರಾಜನು ನೇಮಿಸಿದ ಒಬ್ಬನೇ ನ್ಯಾಯಾಧೀಶ. ಸುಂಕ ಕೊಟ್ಟಿದೆಯೆಂದು ರುಜುವಾತು ಪಡಿಸುವ ಹೊಣೆಯೂ ಸರಕಿನ ಒಡೆಯನದೇ. ಇಂಗ್ಲೆಂಡಿನಲ್ಲಿರುವ ಆಂಗ್ಲನಿಗೆ ಇದೇ ಬಗೆಯ ಅಪರಾಧಕ್ಕೆ ಜೂರಿಯ ಮುಂದೆ ವಿಚಾರಣೆ. ಸಮುದ್ರದಾಚೆಯ ಆಂಗ್ಲನಿಗೆ ಅದಿಲ್ಲ. ಹೀಗೆ ಒಂದೇ ರಾಜನ ಪ್ರಜೆಗಳಲ್ಲಿ ಎರಡು ವರ್ಗಗಳಾದವು.

ಇದಕ್ಕೆ ಜೊತೆಯಾಗಿ ಸಹಾಯಾಜ್ಞೆ ಎಂಬ ಶೋಧನೆಯ ಸನ್ನದೊಂದಿತ್ತು. ಸಾಮಾನ್ಯವಾದ ಶೋಧನೆಯ ವಾರಂಟಿನಲ್ಲಿ ಯಾರ ಮನೆ, ಯಾವ ವಸ್ತು ಎಂಬುದು ನಮೂದಾಗಿರಬೇಕಷ್ಟೆ. ಈ ಸನ್ನದಿನಲ್ಲಿ ಅದಾವುದೂ ಇಲ್ಲ. ಅದನ್ನು ಕೈಯಲ್ಲಿ ಹಿಡಿದ ಸುಂಕದವನು ಹಗಲಿನಲ್ಲಿ ಯಾರ ಮನೆಯನ್ನಾದರೂ, ಯಾವ ಉಗ್ರಾಣವನ್ನಾದರೂ ಬಾಗಿಲೊಡೆದು ಹುಡುಕಬಹುದು. ರಾಜನು ಬದುಕಿರುವವರೆಗೂ, ಅವನು ಸತ್ತು ಆರು ತಿಂಗಳವರೆಗೂ ಅದಕ್ಕೆ ಜೀವ. ೧೭೬೦ರಲ್ಲಿ ಎರಡನೆಯ ಜಾರ್ಜ್ ರಾಜನು ಮೃತನಾಗಿ ಹೊಸ ಸನ್ನದುಗಳು ಬೇಕಾದಾಗ, ಬೋಸ್ಟನ್ನಿನ ವರ್ತಕರು ನ್ಯಾಯಾಲಯದಲ್ಲಿ ತಕರಾರು ಹೂಡಿದರು. ಜೇಮ್ಸ್ ಓಟಿಸ್ ಎಂಬ ವಕೀಲನು ೧೭೬೧ರಲ್ಲಿ ಅವರ ಪರವಾಗಿ ಗಂಟೆಗಟ್ಟಲೆ ವಾದಿಸಿದನು. ವರ್ತಕರು ಸೋತರು. ಆದರೆ ಆ ವಾದವನ್ನು ಕೇಳುತ್ತ ಕುಳಿತಿದ್ದ ತರುಣ ವಕೀಲರಲ್ಲಿ ಜಾನ್ ಆಡಮ್ಸನೂ ಒಬ್ಬನಾಗಿದ್ದನೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

೧೭೬೫ರಲ್ಲಿ ಸ್ಟಾಂಪಿನ ಕಾನೂನು ಬಂದು, ಜನರ ಪ್ರತಿಭಟನೆಯಿಂದ ಮರುವರ್ಷ ರದ್ದಾಯಿತು. ೧೭೬೭ರಲ್ಲಿ ಗಾಜು, ಸೀಸ, ಕಾಗದ, ಬಣ್ಣ, ಚಹಾ ಇವುಗಳ ಮೇಲೆ ಹೊಸ ಸುಂಕಗಳು ಬಂದವು. ಅವನ್ನು ವಸೂಲು ಮಾಡಿಸಲು ಕಮಿಷನರುಗಳ ಒಂದು ಮಂಡಲಿಯು ಅದೇ ವರ್ಷದ ನವೆಂಬರಿನಲ್ಲಿ ಬೋಸ್ಟನ್ನಿನಲ್ಲಿಯೇ ಬಂದು ಬೀಡು ಬಿಟ್ಟಿತು. ಅಷ್ಟು ಹೊತ್ತಿಗೆ ಹ್ಯಾನ್‌ಕಾಕನು ನಗರದ ಆಡಳಿತಮಂಡಲಿಗೂ ವಸಾಹತಿನ ಶಾಸನಸಭೆಗೂ ಚುನಾಯಿತನಾಗಿದ್ದನು. ಹಳೆಯ ರಾಜಕಾರಣಿಯಾದ ಸ್ಯಾಮ್ಯುಯೆಲ್ ಆಡಮ್ಸನಿಗೆ ಬುದ್ಧಿಯಿತ್ತು, ಹಣವಿರಲಿಲ್ಲ. ಹ್ಯಾನ್‌ಕಾಕನಿಗೆ ಹಣವಿತ್ತು, ಜನರ ಮೆಚ್ಚುಗೆಯ ಹಸಿವಿತ್ತು. ಇಬ್ಬರೂ ಕೂಡಿದರು. ಹೊಸ ಕಮಿಷನರುಗಳನ್ನು ತಾನು ಸತ್ಕರಿಸಲಾರೆನೆಂಬುದನ್ನು ಹ್ಯಾನ್‌ಕಾಕನು ಬಹಿರಂಗವಾಗಿಯೇ ತೋರಿಸಿಕೊಂಡನು. ಅವರ ಕಣ್ಣು ಅವನ ಹಡಗುಗಳ ಮೇಲೆ ಬಿದ್ದಿತು.

ಎರಡು ಹಡಗುಗಳು

೧೭೬೮ರ ಏಪ್ರಿಲಿನಲ್ಲಿ ಹ್ಯಾನ್‌ಕಾಕನ ಲಿಡಿಯಾ ಎಂಬ ಹಡಗು ಬಂದರಿಗೆ ಬಂದಿತು. ಸುಂಕದ ನೌಕರರಿಬ್ಬರು ಅದನ್ನೇರಿದರು. ಒಬ್ಬನು ರಾತ್ರಿಯಲ್ಲಿ ಸರಕಿನ ಕೋಣೆಗೆ ಇಳಿದನು. ಹ್ಯಾನ್‌ಕಾಕನು ತನ್ನ ಜನರೊಡನೆ ಬಂದು, ಅವನ ಕಾಗದಪತ್ರಗಳನ್ನು ಕೇಳಿ ನೋಡಿದನು. ಒಳಗೆ ಶೋಧಿಸುವ ಸನ್ನದು ಅವನಲ್ಲಿಲ್ಲವೆಂದು ಗೊತ್ತಾಗಲು, ಅವನನ್ನು ಎತ್ತಿ ಮೇಲಿನ ಅಟ್ಟಕ್ಕೆ ತರಿಸಿದನು. ಹೊಡೆತವಿಲ್ಲ, ಬೈಗುಳವಿಲ್ಲ. ಕಮಿಷನರುಗಳು ಮೊಕದ್ದಮೆ ಹೂಡಬೇಕೆಂದರು. ಸರಕಾರದ ವಕೀಲನೇ ಕಾನೂನು ಹ್ಯಾನ್‌ಕಾಕನ ಕಡೆಗಿದೆಯೆಂದು ಹೇಳಿ ಬಿಟ್ಟನು. ಅಧಿಕಾರಿವರ್ಗಕ್ಕೆ ಇದರಿಂದ ಆದ ಮುಖಭಂಗವು ಸಾಮಾನ್ಯವಾದುದಲ್ಲ.

ಒಂದು ತಿಂಗಳಾಯಿತು. ಮೇ ೯ರಂದು ಮಡೀರಾದಿಂದ ಅವನ ಮತ್ತೊಂದು ಹಡಗು ಬಂದಿತು. ಅದರ ಹೆಸರು ಲಿಬರ್ಟಿ, ಎಂದರೆ ಸ್ವಾತಂತ್ರ್ಯ. ಮರುದಿನ ಇಪ್ಪತ್ತೈದು ಪೀಪಾಯಿ ದ್ರಾಕ್ಷಾಮದ್ಯಕ್ಕೆ ಲೆಕ್ಕ ಕೊಟ್ಟು ಸುಂಕ ಕಟ್ಟಲಾಯಿತು. ಹಡಗು ಹಿಡಿಯಬಹುದಾದ ಸರಕಿನಲ್ಲಿ ಅದು ಕಾಲುಪಾಲು ಮಾತ್ರ. ಉಳಿದುದು ರಾತ್ರಿಯಲ್ಲಿ ದಡ ಸೇರಿರಬೇಕೆಂದು ಅಧಿಕಾರಿಗಳಿಗೆ ಅನುಮಾನ. ಆದರೆ ಆ ರಾತ್ರಿ ಹಡಗಿನ ಮೇಲೆ ಕಾವಲಿದ್ದ ಅವರ ನೌಕರರಿಬ್ಬರೂ ತಾವೇನನ್ನೂ ಕಾಣಲಿಲ್ಲವೆಂದು ಹೇಳಿದರು. ವಿಷಯವು ಅಲ್ಲಿಗೆ ನಿಂತಿತು.

ಜೂನ್ ತಿಂಗಳಲ್ಲಿ ರೋಮ್ನಿ ಎಂಬ ಐವತ್ತು ಫಿರಂಗಿಗಳ ರಾಜನೌಕೆಯು ಬಂದರಿನಲ್ಲಿತ್ತು. ಅದು ಬೋಸ್ಟನ್ನಿನ ನಾವಿಕರನ್ನು ಬಲಾತ್ಕಾರದಿಂದ ಹಿಡಿದು ಸೇವೆಗೆ ಸೇರಿಸಿಕೊಳ್ಳುತ್ತಿದ್ದುದರಿಂದ ಊರು ಮೊದಲೇ ಕುದಿಯುತ್ತಿತ್ತು. ಅದೇ ಸಮಯಕ್ಕೆ ಕಾವಲಿನವರಲ್ಲಿ ಒಬ್ಬನಾದ ಥಾಮಸ್ ಕರ್ಕನು ತನ್ನ ಹೇಳಿಕೆಯನ್ನು ಬದಲಾಯಿಸಿದನು. ಆ ರಾತ್ರಿ ತನ್ನನ್ನು ಒಂದು ಕೋಣೆಗೆ ನೂಕಿ ಬಾಗಿಲಿಗೆ ಮೊಳೆ ಹೊಡೆದರೆಂದೂ, ಮೂರು ಗಂಟೆಗಳ ಕಾಲ ಸರಕನ್ನು ಎತ್ತಿಹಾಕುವ ಸದ್ದು ಕೇಳಿಸಿತೆಂದೂ, ಜೊತೆಯವನು ಕುಡಿದ ಅಮಲಿನಲ್ಲಿದ್ದನೆಂದೂ, ಪ್ರಾಣಭಯದಿಂದ ತಾನು ಇದುವರೆಗೆ ಸುಮ್ಮನಿದ್ದೆನೆಂದೂ ಪ್ರಮಾಣ ಮಾಡಿದನು. ಅವನನ್ನು ಬೆದರಿಸಿದನೆನ್ನಲಾದ ಹಡಗಿನ ಕಪ್ತಾನನು ಅಷ್ಟರಲ್ಲಿ ಸತ್ತುಹೋಗಿದ್ದನು. ಕರ್ಕನ ಮಾತು ದಿಟವೋ, ಮುಟ್ಟುಗೋಲಿನ ಪಾಲಿನ ಆಸೆಯಿಂದ ಹುಟ್ಟಿದುದೋ? ಇತಿಹಾಸಕಾರರಲ್ಲಿ ಈ ವಿಷಯವಾಗಿ ಒಮ್ಮತವಿಲ್ಲ. ಹ್ಯಾನ್‌ಕಾಕನು ಕಳ್ಳಸಾಗಾಣಿಕೆ ಮಾಡಿದನೆಂದು ನ್ಯಾಯಾಲಯದಲ್ಲಿ ಎಂದೂ ರುಜುವಾತಾಗಲಿಲ್ಲ; ಮಾಡಿರಲಾರನೆಂದು ಪ್ರಮಾಣ ಮಾಡುವುದೂ ಸಾಧ್ಯವಿಲ್ಲ. ಸುಂಕವನ್ನು ತಪ್ಪಿಸುವುದು ಆ ಬಂದರಿನಲ್ಲಿ ಅಷ್ಟು ಸಾಮಾನ್ಯವಾಗಿತ್ತು.

ವಿಚಿತ್ರವೆಂದರೆ, ಹಡಗನ್ನು ಹಿಡಿದದ್ದು ಮದ್ಯಕ್ಕಾಗಿ ಅಲ್ಲ. ಮದ್ಯವು ಹೋಗಿ, ಹಡಗಿನಲ್ಲಿ ಆಗ ತಿಮಿಂಗಿಲದ ಎಣ್ಣೆಯೂ ಡಾಂಬರೂ ತುಂಬಿದ್ದವು. ಪರವಾನಗಿ ಪಡೆದ ಮೇಲೆಯೇ ಸರಕು ತುಂಬಬೇಕೆಂಬುದು ಕಾನೂನಿನ ಅಕ್ಷರ. ಮೊದಲು ತುಂಬಿ, ಹೊರಡುವಾಗ ಕಾಗದ ಪಡೆಯುವುದು ಬಂದರಿನ ರೂಢಿ. ಅಧಿಕಾರಿಗಳೇ ನಡೆಸಿಕೊಂಡು ಬಂದ ರೂಢಿಯದು. ಎಲ್ಲರಿಗೂ ಸಡಿಲವಾಗಿದ್ದ ಅಕ್ಷರವು ಹ್ಯಾನ್‌ಕಾಕನೊಬ್ಬನಿಗೆ ಒಮ್ಮೆಗೇ ಬಿಗಿಯಾಯಿತು. ಜೂನ್ ೧೦ರ ಸಂಜೆ ಸುಂಕದ ಕಲೆಕ್ಟರನಾದ ಜೋಸೆಫ್ ಹ್ಯಾರಿಸನನೂ, ಲೆಕ್ಕಾಧಿಕಾರಿಯಾದ ಬೆಂಜಮಿನ್ ಹ್ಯಾಲೊವೆಲನೂ ಕಟ್ಟೆಗೆ ಬಂದು, ಲಿಬರ್ಟಿಯ ಪಟಸ್ತಂಭದ ಮೇಲೆ ರಾಜಮುದ್ರೆಯಾದ ಬಾಣದ ಗುರುತನ್ನು ಹಾಕಿದರು. ಅದು ಕಟ್ಟೆಯಲ್ಲಿಯೇ ಇರಲಿ, ಊರೇ ಅದಕ್ಕೆ ಕಾವಲೆಂದು ನೆರೆದ ಜನರು ಕೇಳಿಕೊಂಡರು. ಅಧಿಕಾರಿಗಳು ಒಪ್ಪಲಿಲ್ಲ. ರೋಮ್ನಿಯಿಂದ ದೋಣಿಗಳು ಬಂದು, ಹಗ್ಗಗಳನ್ನು ಕಡಿದು, ಹಡಗನ್ನು ಎಳೆದುಕೊಂಡು ಹೋಗಿ ಫಿರಂಗಿಗಳ ಕೆಳಗೆ ನಿಲ್ಲಿಸಿದವು.

ಆ ರಾತ್ರಿ ಬೋಸ್ಟನ್ನಿನಲ್ಲಿ ಗಲಭೆಯಾಯಿತು. ಅಧಿಕಾರಿಗಳಿಗೆ ಪೆಟ್ಟು ಬಿದ್ದವು. ಅವರ ಮನೆಗಳ ಕಿಟಕಿಗಳು ಪುಡಿಯಾದವು. ಹ್ಯಾರಿಸನನ ವಿಹಾರದೋಣಿಯನ್ನು ಜನರು ಬೀದಿಯಲ್ಲಿ ಎಳೆದುತಂದು ಮೈದಾನದಲ್ಲಿ ಸುಟ್ಟರು. ಕಮಿಷನರುಗಳು ರಾಜನೌಕೆಯನ್ನೇರಿ, ಅಲ್ಲಿಂದ ಬಂದರಿನ ನಡುಗಡ್ಡೆಯ ಕೋಟೆಯನ್ನು ಸೇರಿಕೊಂಡರು. ಗುಂಪಿನ ಈ ಕೃತ್ಯವನ್ನು ನಾವು ಹೊಗಳಲಾರೆವು. ನ್ಯಾಯದ ಬಾಗಿಲು ಮುಚ್ಚಿದ ಊರಿನಲ್ಲಿ ಕಲ್ಲಿಗೆ ಬಾಯಿ ಬರುತ್ತದೆಂಬುದನ್ನು ಮಾತ್ರ ಆಳುವವರು ತಿಳಿದಿರಬೇಕು.

ಒಂದು ರಾತ್ರಿಯ ನಿರ್ಧಾರ

ಹ್ಯಾನ್‌ಕಾಕನ ಜೀವನದಲ್ಲಿ ನಿಜವಾದ ತಿರುವು ಗಲಭೆಯ ರಾತ್ರಿಯಲ್ಲಿ ಬರಲಿಲ್ಲ. ಅದಾದ ಒಂದೆರಡು ದಿನಗಳಲ್ಲಿ ಬಂದಿತು. ಅಧಿಕಾರಿಗಳಿಗೂ ರಾಜಿ ಬೇಕಾಗಿತ್ತು. ನ್ಯಾಯಾಲಯದ ತೀರ್ಪಿಗೆ ಒಳಪಡುವೆನೆಂದು ಮುಚ್ಚಳಿಕೆ ಬರೆದುಕೊಟ್ಟರೆ ಹಡಗನ್ನು ತತ್ಕಾಲಕ್ಕೆ ಹಿಂತಿರುಗಿಸುವೆವೆಂಬ ಮಾತು ನಡೆಯಿತು. ವೈದ್ಯನಾದ ಜೋಸೆಫ್ ವಾರನನು ಮಧ್ಯಸ್ಥನಾದನು. ಹ್ಯಾನ್‌ಕಾಕನು ಮೊದಲು ಒಪ್ಪಿದನು. ವರ್ತಕನಿಗೆ ಒಪ್ಪಬೇಕಾದ ಮಾತೇ ಅದು. ಎಣ್ಣೆ ತುಂಬಿದ ಹಡಗು ನಿಂತಷ್ಟು ದಿನವೂ ನಷ್ಟ. ಆದರೆ ಓಟಿಸನೂ ಸ್ಯಾಮ್ಯುಯೆಲ್ ಆಡಮ್ಸನೂ ಸೇರಿ ಆಲೋಚಿಸಿದ ಮೇಲೆ ಆ ರಾತ್ರಿಯೇ ಹ್ಯಾನ್‌ಕಾಕನು ಮಾತು ಬದಲಿಸಿ, ರಾಜಿ ಬೇಡವೆಂದು ಹೇಳಿಕಳುಹಿಸಿದನು. ಸ್ನೇಹಿತರ ಒತ್ತಾಯಕ್ಕೆ ಬಾಗಿದನೆಂದು ಕೆಲವರು ಹೇಳುವರು. ಹಾಗೆಯೇ ಇರಲಿ. ಕಳೆದುಕೊಳ್ಳತಕ್ಕ ಹಡಗು ಸ್ನೇಹಿತರದಲ್ಲ, ಅವನದು. ಅನುಕೂಲವನ್ನು ಬಿಟ್ಟು ಹಕ್ಕನ್ನು ಹಿಡಿದ ಆ ರಾತ್ರಿಯಲ್ಲಿಯೇ ವರ್ತಕನಾದ ಹ್ಯಾನ್‌ಕಾಕನು ದೇಶಭಕ್ತನಾದ ಹ್ಯಾನ್‌ಕಾಕನಾದನೆಂದು ನಮ್ಮ ಅಭಿಪ್ರಾಯ.

ಆಗಸ್ಟಿನಲ್ಲಿ ನೌಕಾ ನ್ಯಾಯಾಲಯವು ಹಡಗು ಸರಕಾರಕ್ಕೆ ಸೇರಿತೆಂದು ತೀರ್ಪು ಕೊಟ್ಟಿತು. ಲಿಬರ್ಟಿಯು ಸುಂಕದವರದೇ ಗಸ್ತಿನ ಹಡಗಾಗಿ, ಇತರ ವರ್ತಕರ ಹಡಗುಗಳನ್ನು ಹಿಡಿಯುವ ಕೆಲಸಕ್ಕೆ ನಿಯಮಿತವಾಯಿತು! ೧೭೬೯ರ ಜುಲೈಯಲ್ಲಿ ರೋಡ್ ಐಲೆಂಡಿನ ನ್ಯೂಪೋರ್ಟ್ ಬಂದರಿನ ಜನರು ರೊಚ್ಚಿಗೆದ್ದು ಅದನ್ನು ಸುಟ್ಟುಹಾಕಿದರು. ಸ್ವಾತಂತ್ರ್ಯವೆಂಬ ಹೆಸರಿನ ಹಡಗಿಗೆ ಇಂತಹ ಅಂತ್ಯವೊದಗಿತು.

ಅಧಿಕಾರಿಗಳಿಗೆ ಹಡಗಿನಿಂದ ತೃಪ್ತಿಯಾಗಲಿಲ್ಲ. ನೂರು ಪೀಪಾಯಿ ಮದ್ಯವನ್ನು ಕಳ್ಳತನದಿಂದ ಇಳಿಸಿದರೆಂದು ಹ್ಯಾನ್‌ಕಾಕನ ಮೇಲೆಯೂ ಇನ್ನೈವರ ಮೇಲೆಯೂ ಮೊಕದ್ದಮೆ ಹೂಡಿದರು. ಸರಕಿನ ಬೆಲೆಯ ಮೂರರಷ್ಟು ದಂಡ. ತಲೆಗೆ ಒಂಬತ್ತು ಸಾವಿರ ಪೌಂಡು. ಹ್ಯಾನ್‌ಕಾಕನು ಸೆರೆಯಾಗಿ ಜಾಮೀನಿನ ಮೇಲೆ ಹೊರಗೆ ಬಂದನು. ಅವನ ವಕೀಲನು ಬಾಲ್ಯದ ಪರಿಚಿತನಾದ ಜಾನ್ ಆಡಮ್ಸನು. ಜೂರಿಯಿಲ್ಲದ ನ್ಯಾಯಾಲಯದಲ್ಲಿ ಇಷ್ಟು ದೊಡ್ಡ ದಂಡವನ್ನು ವಿಧಿಸುವುದು ಆಂಗ್ಲರ ಮೂಲಶಾಸನಕ್ಕೇ ವಿರುದ್ಧವೆಂದು ಅವನು ವಾದಿಸಿದನು. ಚಳಿಗಾಲವೆಲ್ಲವೂ ವಿಚಾರಣೆ ನಡೆಯಿತು. ಊರಿನವರನ್ನು ಒಬ್ಬರ ಮೇಲೊಬ್ಬರಂತೆ ಕರೆದು ಪ್ರಶ್ನಿಸಿದರು. ದಿನ ಬೆಳಗಾದರೆ ತನ್ನನ್ನು ಮನೆಯಿಂದ ಹೊರಡಿಸುತ್ತಿದ್ದ ಆ ನ್ಯಾಯಾಲಯದ ಗಂಟೆಯ ಮೇಲೆಯೇ ತನಗೆ ಜಿಗುಪ್ಸೆ ಹುಟ್ಟಿತೆಂದು ಆಡಮ್ಸನು ವೃದ್ಧಾಪ್ಯದಲ್ಲಿ ನೆನಸಿಕೊಂಡಿದ್ದಾನೆ. ೧೭೬೯ರ ಮಾರ್ಚ್ ೨೫ರಂದು ಸರಕಾರವು ಯಾವ ಕಾರಣವನ್ನೂ ತಿಳಿಸದೆ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು. ತಪ್ಪಿತಸ್ಥನೆಂದೂ ಆಗಲಿಲ್ಲ, ನಿರ್ದೋಷಿಯೆಂದೂ ಆಗಲಿಲ್ಲ. ಅಂತಹ ವಿಚಾರಣೆಯಿಂದ ಸರಕಾರಕ್ಕೆ ಬಂದ ಲಾಭವೇನು? ಅದುವರೆಗೆ ಶ್ರೀಮಂತನೆಂದು ಮಾತ್ರ ಹೆಸರಾಗಿದ್ದವನನ್ನು ಹದಿಮೂರು ವಸಾಹತುಗಳಲ್ಲಿಯೂ ನಾಯಕನನ್ನಾಗಿ ಮಾಡಿದ್ದೇ ಲಾಭ.

ಕಂಪೆನಿಯ ಚಹಾ

ಲಿಬರ್ಟಿಯ ಗಲಭೆಯನ್ನು ಕಾರಣವಾಗಿ ಹಿಡಿದು, ೧೭೬೮ರ ಅಕ್ಟೋಬರ್ ೧ರಂದು ರಾಜನ ಸೈನ್ಯವು ಬೋಸ್ಟನ್ನಿನಲ್ಲಿ ಇಳಿಯಿತು. ವರ್ತಕರು ಇಂಗ್ಲೆಂಡಿನ ಸರಕನ್ನು ತರಿಸುವುದಿಲ್ಲವೆಂದು ಒಡಂಬಡಿಕೆ ಮಾಡಿಕೊಂಡರು. ೧೭೭೦ರ ಮಾರ್ಚ್ ೫ರಂದು ಸಿಪಾಯಿಗಳು ಗುಂಪಿನ ಮೇಲೆ ಗುಂಡು ಹಾರಿಸಿ ಐವರು ಸತ್ತರು. ಸೈನ್ಯವನ್ನು ನಗರದಿಂದ ತೆಗೆಯಬೇಕೆಂದು ಕೇಳಲು ಹೋದ ನಿಯೋಗದಲ್ಲಿ ಹ್ಯಾನ್‌ಕಾಕನಿದ್ದನು. ಅದೇ ವರ್ಷ ಪಾರ್ಲಿಮೆಂಟು ಚಹಾದ ಸುಂಕವೊಂದನ್ನು ಉಳಿಸಿಕೊಂಡು ಉಳಿದವನ್ನು ತೆಗೆದುಹಾಕಿತು.

ಆ ಚಹಾದ ಕಥೆಯಲ್ಲಿ ನಮ್ಮ ದೇಶದ ಸಂಬಂಧವಿದೆ. ೧೭೬೫ರಲ್ಲಿ ಬಂಗಾಳದ ದಿವಾನಿಯನ್ನು ಪಡೆದ ಈಸ್ಟ್ ಇಂಡಿಯಾ ಕಂಪೆನಿಯು, ನೌಕರರ ಲೂಟಿಯಿಂದಲೂ, ಯುದ್ಧಗಳ ವೆಚ್ಚದಿಂದಲೂ, ೧೭೭೦ರ ಘೋರ ಕ್ಷಾಮದಿಂದಲೂ ದಿವಾಳಿಯ ಅಂಚಿಗೆ ಬಂದಿತ್ತು. ಚೀನಾದಿಂದ ತಂದ ಚಹಾ ಲಂಡನ್ನಿನ ಉಗ್ರಾಣಗಳಲ್ಲಿ ಕೊಳೆಯುತ್ತಿತ್ತು. ೧೭೭೩ರಲ್ಲಿ ಪಾರ್ಲಿಮೆಂಟು ಭಾರತದಲ್ಲಿ ಕಂಪೆನಿಯ ಆಡಳಿತವನ್ನು ಹತೋಟಿಯಲ್ಲಿಡಲು ರೆಗ್ಯುಲೇಟಿಂಗ್ ಕಾನೂನನ್ನು ಮಾಡಿತು. ಅದೇ ವರ್ಷ ಕಂಪೆನಿಯು ಅಮೇರಿಕದಲ್ಲಿ ನೇರವಾಗಿ ಚಹಾ ಮಾರಲು ಅನುಮತಿ ಕೊಟ್ಟು ಅಲ್ಲಿಯ ವರ್ತಕರ ಬಾಯಿಗೆ ಮಣ್ಣು ಹಾಕಿತು. ಡಿಸೆಂಬರ್ ೧೬ರ ರಾತ್ರಿ ಬೋಸ್ಟನ್ನಿನ ಜನರು ಹಡಗುಗಳನ್ನೇರಿ ೩೪೨ ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಬಂಗಾಳದ ರೈತನನ್ನು ಹಿಂಡಿದ ಕೈಯೇ ಬೋಸ್ಟನ್ನಿನ ಅಂಗಡಿಯವನ ಕೊರಳಿಗೂ ಚಾಚಿತ್ತು.

ಮುಂದಿನದು ಸರ್ವವಿದಿತ. ೧೭೭೪ರಲ್ಲಿ ಹ್ಯಾನ್‌ಕಾಕನು ಮ್ಯಾಸಚೂಸೆಟ್ಸಿನ ಪ್ರಾಂತಸಭೆಯ ಅಧ್ಯಕ್ಷನಾದನು. ೧೭೭೫ರ ಏಪ್ರಿಲಿನಲ್ಲಿ ಲೆಕ್ಸಿಂಗ್‌ಟನ್ ಗ್ರಾಮದಲ್ಲಿ ಯುದ್ಧದ ಮೊದಲ ಗುಂಡು ಹಾರಿದಾಗ ಅವನೂ ಸ್ಯಾಮ್ಯುಯೆಲ್ ಆಡಮ್ಸನೂ ಅಲ್ಲಿಂದ ತಪ್ಪಿಸಿಕೊಂಡು ಹೋಗುತ್ತಿದ್ದರು. ಶಸ್ತ್ರ ಕೆಳಗಿಟ್ಟವರಿಗೆಲ್ಲ ಕ್ಷಮೆಯೆಂದು ಜೂನಿನಲ್ಲಿ ಸಾರಿದ ಸೇನಾಪತಿ ಗೇಜನು ಇವರಿಬ್ಬರನ್ನು ಮಾತ್ರ ಅದರಿಂದ ಹೊರಗಿಟ್ಟನು. ಅಷ್ಟರಲ್ಲಿಯೇ, ಮೇ ೨೪ರಂದು, ಹ್ಯಾನ್‌ಕಾಕನು ಫಿಲಡೆಲ್ಫಿಯಾದ ಕಾಂಗ್ರೆಸ್ಸಿನ ಅಧ್ಯಕ್ಷನಾಗಿದ್ದನು. ೧೭೭೬ರ ಜುಲೈ ೪ರಂದು ಅಂಗೀಕೃತವಾಗಿ ಊರೂರಿಗೆ ಹೋದ ಘೋಷಣೆಯ ಅಚ್ಚಿನ ಪ್ರತಿಯಲ್ಲಿ ಸದಸ್ಯರ ಪೈಕಿ ಅವನೊಬ್ಬನ ಹೆಸರೇ ಇತ್ತು. ಸೋತರೆ ಮೊದಲು ನೇಣುಗಂಬಕ್ಕೆ ಹೋಗತಕ್ಕ ಹೆಸರೂ ಅದೇ. ಚರ್ಮಪತ್ರದ ಮೇಲಿನ ಪ್ರಸಿದ್ಧವಾದ ರುಜುಗಳು ಬಿದ್ದದ್ದು ಬಹುಮಟ್ಟಿಗೆ ಆಗಸ್ಟ್ ೨ರಂದು. ರಾಜನು ಕನ್ನಡಕವಿಲ್ಲದೆ ಓದಲೆಂದು ಅವನು ಅಷ್ಟು ದಪ್ಪವಾಗಿ ಬರೆದನೆಂಬುದು ಜನರು ಕಟ್ಟಿದ ಕಥೆ.

ಆ ಯುದ್ಧದ ಅಲೆಗಳು ನಮ್ಮ ಮೈಸೂರಿನವರೆಗೂ ಮುಟ್ಟಿದುವು. ಅದೇ ಆಂಗ್ಲರೊಡನೆ ಕಾದಾಡುತ್ತಿದ್ದ ಹೈದರಾಲಿಯ ಕೀರ್ತಿಯನ್ನು ಕೇಳಿದ ಪೆನ್ಸಿಲ್ವೇನಿಯದವರು ತಮ್ಮ ಒಂದು ಯುದ್ಧನೌಕೆಗೆ ಅವನ ಹೆಸರನ್ನಿಟ್ಟರು. ೧೭೮೨ರ ಏಪ್ರಿಲಿನಲ್ಲಿ ಅದು ಆಂಗ್ಲರ ಹಡಗೊಂದನ್ನು ಸೆರೆಹಿಡಿಯಿತು. ೧೭೮೧ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸನೇ ೧೭೯೨ರಲ್ಲಿ ಶ್ರೀರಂಗಪಟ್ಟಣದ ಮುಂದೆ ಟಿಪ್ಪುವಿನಿಂದ ಅರ್ಧ ರಾಜ್ಯವನ್ನು ಕಿತ್ತುಕೊಂಡನು.

ಗುಣದೋಷಗಳು

ಹ್ಯಾನ್‌ಕಾಕನನ್ನು ದೇವತೆಯಂತೆ ಚಿತ್ರಿಸುವುದು ಸತ್ಯಕ್ಕೆ ದೂರ. ಅವನಿಗೆ ಆಡಂಬರ ಪ್ರಿಯ. ರೇಷ್ಮೆಯ ಉಡುಪು, ಸೊಗಸಾದ ಸಾರೋಟು, ಮುಂದೆ ಹಿಂದೆ ಸವಾರರು ಬೇಕು. ಸೈನ್ಯದ ಅಧಿಪತ್ಯವು ತನಗೆ ಬರುವುದೆಂದು ಆಶಿಸಿ, ವಾಷಿಂಗ್‌ಟನನ ಹೆಸರು ಬಂದಾಗ ಮುಖ ಕಪ್ಪಿಟ್ಟನೆಂದು ಆಡಮ್ಸನು ಬರೆದಿದ್ದಾನೆ. ೧೭೭೮ರಲ್ಲಿ ರೋಡ್ ಐಲೆಂಡಿನ ದಂಡಯಾತ್ರೆಗೆ ಸೇನಾನಿಯಾಗಿ ಹೋಗಿ ಕೀರ್ತಿಯಿಲ್ಲದೆ ಹಿಂತಿರುಗಿದನು. ಹಾರ್ವರ್ಡ್ ಕಾಲೇಜಿನ ಖಜಾಂಚಿಯಾಗಿ, ಕೇಳಿದಾಗ ಲೆಕ್ಕ ಒಪ್ಪಿಸದೆ ವರ್ಷಗಟ್ಟಲೆ ಎಳೆದಾಡಿದನು. ಬಾಕಿಯನ್ನು ಅವನು ಸತ್ತಮೇಲೆ ಅವನ ಆಸ್ತಿಯಿಂದ ತೀರಿಸಬೇಕಾಯಿತು. ಸುಂಕದವರ ಲೆಕ್ಕವನ್ನು ಪ್ರಶ್ನಿಸಿದವನು ತನ್ನ ಲೆಕ್ಕದಲ್ಲಿ ಹೀಗೆ ನಡೆದುಕೊಂಡದ್ದು ಕಳಂಕವೇ. ಬೀಕನ್ ಗುಡ್ಡದ ಆ ಮಹಲಿನಲ್ಲಿ ಸ್ವಾತಂತ್ರ್ಯದ ಮಾತು ನಡೆಯುತ್ತಿದ್ದಾಗ ಊಳಿಗಕ್ಕೆ ಗುಲಾಮರೂ ಇದ್ದರೆಂಬುದನ್ನು ಮುಚ್ಚಿಡಲಾಗದು.

ಆದರೆ ಅವನ ಕೈ ಬಿಗಿಯಾಗಿರಲಿಲ್ಲ. ಬೆಂಕಿ ಬಿದ್ದ ಮನೆಗಳಿಗೆ, ಬಡವರ ಸೌದೆಗೆ, ಊರಿನ ಅಗ್ನಿಶಾಮಕ ಯಂತ್ರಕ್ಕೆ ಧಾರಾಳವಾಗಿ ಕೊಟ್ಟನು. ಯುದ್ಧದ ಕಾಲದಲ್ಲಿ ಕಾಗದದ ನಾಣ್ಯವು ಬೆಲೆಯಿಳಿದಾಗಲೂ ಸಾಲಗಾರರಿಂದ ಅದನ್ನೇ ಸ್ವೀಕರಿಸಿ ತಾನು ನಷ್ಟಪಟ್ಟನು. ಚಿಕ್ಕಪ್ಪನು ಕಟ್ಟಿದ ವ್ಯಾಪಾರವು ಮತ್ತೆ ಮೊದಲಿನಂತಾಗಲಿಲ್ಲ. ಮಗಳು ಹಸುಳೆಯಾಗಿದ್ದಾಗಲೇ ಹೋದಳು. ಎಂಟು ವರ್ಷದ ಮಗನು ೧೭೮೭ರಲ್ಲಿ ಹಿಮಗಟ್ಟಿದ ನೀರಿನ ಮೇಲೆ ಜಾರಿಬಿದ್ದು ತೀರಿಕೊಂಡನು. ವಾತರೋಗವು ಕಾಲುಗಳನ್ನು ಹಿಡಿದುಕೊಂಡಿತು.

ವಕೀಲನ ಲೇಖನಿ, ಕಕ್ಷಿಗಾರನ ಆಡಳಿತ

೧೭೮೦ರಲ್ಲಿ ಮ್ಯಾಸಚೂಸೆಟ್ಸ್ ತನ್ನದೇ ರಾಜ್ಯಾಂಗವನ್ನು ರಚಿಸಿಕೊಂಡಿತು. ಅದರ ಮುಖ್ಯ ಕರ್ತೃ ಜಾನ್ ಆಡಮ್ಸನು. ಅದರ ಹಕ್ಕುಗಳ ಭಾಗದ ಹದಿನಾಲ್ಕನೆಯ ವಿಧಿಯು, ಪ್ರಜೆಯ ದೇಹ, ಮನೆ, ಕಾಗದಪತ್ರ, ಸೊತ್ತು ಇವುಗಳನ್ನು ಅನುಚಿತವಾಗಿ ಶೋಧಿಸತಕ್ಕದ್ದಲ್ಲ, ಹಿಡಿಯತಕ್ಕದ್ದಲ್ಲ;ವಾರಂಟಿಗೆ ಪ್ರಮಾಣಪೂರ್ವಕವಾದ ಆಧಾರವಿರಬೇಕು, ಸ್ಥಳವೂ ವಸ್ತುವೂ ಅದರಲ್ಲಿ ನಮೂದಾಗಿರಬೇಕೆಂದು ವಿಧಿಸಿತು. ಓಟಿಸನ ವಾದವನ್ನು ಕೇಳಿದ, ಲಿಬರ್ಟಿಯ ಮೊಕದ್ದಮೆಯನ್ನು ನಡೆಸಿದ ವಕೀಲನ ಲೇಖನಿಯಿಂದ ಅಲ್ಲದೆ ಅದು ಇನ್ನಾರಿಂದ ಬಂದೀತು? ಆ ರಾಜ್ಯಾಂಗದ ಮೇರೆಗೆ ಮೊದಲ ಗವರ್ನರನಾಗಿ ಚುನಾಯಿತನಾದವನು ಅವನ ಕಕ್ಷಿಗಾರನಾಗಿದ್ದ ಹ್ಯಾನ್‌ಕಾಕನೇ. ಹಿಂದೆ ಮುಟ್ಟುಗೋಲಿನಲ್ಲಿ ಮೂರನೆಯ ಒಂದು ಪಾಲು ಯಾವ ಪದವಿಗೆ ಸಲ್ಲುತ್ತಿತ್ತೋ ಆ ಪದವಿಯ ಮೇಲೆ, ಮುಟ್ಟುಗೋಲಿಗೆ ಗುರಿಯಾದವನೇ ಕುಳಿತನು. ಅದೇ ರಾಜ್ಯಾಂಗದ ಬಲದಿಂದ ೧೭೮೩ರ ಸುಮಾರಿಗೆ ಅಲ್ಲಿಯ ನ್ಯಾಯಾಲಯಗಳು ಗುಲಾಮಗಿರಿಯನ್ನು ಅಸಿಂಧುವೆಂದು ಸಾರಿದವು. ೧೭೮೮ರಲ್ಲಿ ಬೋಸ್ಟನ್ನಿನ ಸ್ವತಂತ್ರ ಕರಿಯ ಜನರು ಮೂವರನ್ನು ಮೋಸದಿಂದ ವೆಸ್ಟ್ ಇಂಡೀಸಿಗೆ ಒಯ್ದು ಮಾರಲು ಹೊರಟಾಗ, ಹ್ಯಾನ್‌ಕಾಕನು ಆ ದ್ವೀಪಗಳ ಗವರ್ನರುಗಳಿಗೆ ಪತ್ರ ಬರೆದನು. ಮೂವರೂ ಊರಿಗೆ ಮರಳಿದರು.

ಸಾಲದ ಬಾಧೆಯಿಂದ ದಂಗೆಯೆದ್ದ ರೈತರಿಗೆ ೧೭೮೭ರಲ್ಲಿ ಕ್ಷಮಾದಾನ ಮಾಡಿದವನೂ ಅವನೇ. ೧೭೮೮ರ ಫೆಬ್ರವರಿಯಲ್ಲಿ ಇಡೀ ಅಮೇರಿಕದ ರಾಜ್ಯಾಂಗವನ್ನು ಒಪ್ಪುವ ಪ್ರಶ್ನೆಯು ಮ್ಯಾಸಚೂಸೆಟ್ಸಿನ ಸಭೆಯ ಮುಂದೆ ಬಂದಾಗ, ಅಧ್ಯಕ್ಷನಾದ ಹ್ಯಾನ್‌ಕಾಕನು ರೋಗಶಯ್ಯೆಯಿಂದೆದ್ದು ಬಂದು, ತಿದ್ದುಪಡಿಗಳ ಶಿಫಾರಸಿನೊಡನೆ ಒಪ್ಪೋಣವೆಂದು ಸೂಚಿಸಿದನು. ೧೮೭ಕ್ಕೆ ೧೬೮ ಮತಗಳಿಂದ ಸೂಚನೆಯು ಗೆದ್ದಿತು. ಆ ದಾರಿಯನ್ನು ಇತರ ಪ್ರಾಂತಗಳೂ ಹಿಡಿದವು. ೧೭೯೧ರಲ್ಲಿ ಹಕ್ಕುಗಳ ತಿದ್ದುಪಡಿಗಳು ಬಂದವು. ಅವುಗಳಲ್ಲಿ ನಾಲ್ಕನೆಯದು ಶೋಧನೆಗೂ ಮುಟ್ಟುಗೋಲಿಗೂ ಹಾಕಿದ ಕಟ್ಟುಪಾಡು.

ಹ್ಯಾನ್‌ಕಾಕನು ಗವರ್ನರನಾಗಿರುವಾಗಲೇ ೧೭೯೩ರ ಅಕ್ಟೋಬರ್ ೮ರಂದು, ಐವತ್ತಾರನೆಯ ವಯಸ್ಸಿನಲ್ಲಿ ದಿವಂಗತನಾದನು. ಬೋಸ್ಟನ್ನಿನ ಗ್ರ್ಯಾನರಿ ಶ್ಮಶಾನದಲ್ಲಿ ಅವನ ಸಮಾಧಿಯಿದೆ. ಬೀಕನ್ ಗುಡ್ಡದ ಮಹಲನ್ನು ೧೮೬೩ರಲ್ಲಿ ಕೆಡವಿಹಾಕಿದರು.

ಈ ಚರಿತ್ರೆಯಲ್ಲಿ ಅಧಿಕಾರಿಗೂ ವರ್ತಕನಿಗೂ ಪಾಠವುಂಟು. ಹ್ಯಾರಿಸನ್, ಹ್ಯಾಲೊವೆಲರು ರಾಕ್ಷಸರಲ್ಲ. ಕಾನೂನು ತೋರಿಸಿದ ಕೆಲಸವನ್ನೇ ಮಾಡಿದರು. ಆದರೆ ಹಿಡಿದ ಕೈಗೆ ಪಾಲು ಕೊಡುವ ಕಾನೂನು ಸಾಧುವಾದ ನೌಕರನನ್ನೂ ಬೇಟೆಗಾರನನ್ನಾಗಿ ಮಾಡುತ್ತದೆ. ಅವನು ನ್ಯಾಯವಾಗಿ ಹಿಡಿದುದನ್ನು ಸಹ ಜನರು ನಂಬದಂತೆ ಮಾಡುತ್ತದೆ. ಹ್ಯಾನ್‌ಕಾಕನು ಸುಂಕ ತಪ್ಪಿಸಿದನೋ ಇಲ್ಲವೋ ಎಂಬುದನ್ನು ಇಂದು ಯಾರೂ ನಿರ್ಧರಿಸಲಾರದೆ ಹೋದದ್ದಕ್ಕೂ ಅದೇ ಕಾರಣ. ಪಾಲುಗಾರನ ಸಾಕ್ಷ್ಯದಿಂದ ಸತ್ಯವು ಹೊರಡುವುದಿಲ್ಲ. ವರ್ತಕನಾದರೋ ತನ್ನ ಸರಕಿಗಾಗಿ ಮಾತ್ರ ಹೋರಾಡಿದರೆ ಅದು ಅವನ ಲಾಭನಷ್ಟದ ಮಾತು. ನೆರೆಯವನ ಮನೆಯ ಬಾಗಿಲಿಗೂ ಅದೇ ರಕ್ಷಣೆ ಬೇಕೆಂದು ನಿಂತಾಗ ಅದು ನಾಡಿನ ಮಾತಾಗುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಕಾದ ಕಾಲವು ಪ್ರತಿಯೊಬ್ಬ ಗೃಹಸ್ಥನಿಗೂ ಒಂದಲ್ಲ ಒಂದು ದಿನ ಬರತಕ್ಕದ್ದೇ. ಅಂದು ಅವನ ಮಾತನ್ನು ಕೇಳಲು ಪಾಲುಗಾರನಲ್ಲದ ಮೂರನೆಯವನೊಬ್ಬನು ಇರುವಂತೆ ನೋಡಿಕೊಳ್ಳುವುದೇ ರಾಜ್ಯದ ಧರ್ಮ.